ಕೊಡ ಒಡೆದ ಗಂಗವ್ವ

ನಾಟಕ ಬರೆಯುವ ಮೊದಲು ಕಥೆ ಗೊತ್ತಿರಬೇಕು ಎನ್ನುವವರು ಇದ್ದಾರೆ. ಅನ್ನಲಿ, ಅವರ ಬಾಯಿ ಹಿಡಿಯುವುದಕ್ಕೆ ನಾನ್ಯಾರು? ನನ್ನ ಮೊದಲ ನಾಟಕಕ್ಕೆ ಕಥೆ ಇರಲಿಲ್ಲ, ಪಾತ್ರಗಳಿರಲಿಲ್ಲ, ಕೊನೆಯಂತೂ ಇರಲೇ ಇಲ್ಲ. ಇದ್ದದ್ದು ನನ್ನ ಸಿಟ್ಟು. ಅದು ಮಾತ್ರ ಮನೆ ತುಂಬ ಇತ್ತು. ಬೇಕಾದರೆ ನನ್ನ ಗಂಡ ಭೀಮಶ್ಯಾನನ್ನು ಕೇಳಿ.

ರಾಜ್ಯಕ್ಕೆ ಕರ್ನಾಟಕವೆಂಬ ಹೊಸ ಹೆಸರು ಬಂದ ಮರುವರ್ಷದ ಮಾತು. ವಾಡಿಯಲ್ಲಿ ನಾವಿದ್ದ ಕ್ವಾರ್ಟರ್ಸ್ ಎಂದರೆ ಎರಡು ಸಾಲು ಮನೆಗಳು, ನಡುವೆ ಒಂದು ನಳ. ಕೆಳಗಿನ ಸಾಲು ನಮ್ಮದು. ನಮ್ಮ ಹಿರಿಯರು ಬುದ್ಧನ ದಾರಿ ಹಿಡಿದು ವರ್ಷಗಳೇ ಆಗಿದ್ದವು, ಆದರೆ ಮೇಲಿನ ಸಾಲಿನ ಕೆಲವರ ಬಾಯಿಗೆ ನಮ್ಮ ಹಳೆಯ ಹೆಸರೇ ರುಚಿ. ಗಂಡಸರು ಸಿಮೆಂಟಿನ ಕೆಲಸದಲ್ಲಿ ಒಟ್ಟಿಗೇ ಬಿಳಿ ಧೂಳು ತಿನ್ನುತ್ತಿದ್ದರು, ಒಂದೇ ಬೀಡಿ ಇಬ್ಬರು ಸೇದುತ್ತಿದ್ದರು. ನಳದ ಹತ್ತಿರ ಬಂದರೆ ಮಾತ್ರ ನಮ್ಮ ಕೊಡ ಅವರ ಕೊಡಕ್ಕೆ ತಾಗಬಾರದು. ಅವರದೆಲ್ಲ ತುಂಬಿದ ಮೇಲೆ ನಮ್ಮ ಪಾಳಿ.

ಪ್ರತಿ ವರ್ಷ ಬಾಬಾಸಾಹೇಬರ ಜಯಂತಿಗೆ ನಮ್ಮ ಸಾಲಿನ ಗಂಡಸರು ನಾಟಕ ಆಡುತ್ತಿದ್ದರು. ಸೇಡಮ್ಮಿನಿಂದ ಗುರುಲಿಂಗಯ್ಯ ಮಾಸ್ತರರು ಹಾರ್ಮೋನಿಯಂ ಪೆಟ್ಟಿಗೆ ಹಿಡಿದು ಬಂದು ಕಲಿಸುವರು, ನಾಯಕಿ ಪಾತ್ರಕ್ಕೆ ಚಂದಾಪುರದ ಕಡೆಯಿಂದ ಒಬ್ಬಳನ್ನು ಕರೆಸುವರು. ಆ ವರ್ಷ ಸಭೆ ಸೇರಿದಾಗ ಕಮಿಟಿಯ ಹಿರಿಯ ಭಗವಂತ ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕೆಟ್ಟ ಸುದ್ದಿ ಹೇಳುವಾಗ ಅವನು ಹಾಗೆ ಮಾಡುತ್ತಿದ್ದ.

“ಈ ಸಲ ನಾಟಕ ಆಗಂಗಿಲ್ರಪ್ಪ. ಚಂದಾಪುರದಾಕಿ ಲಗ್ನ ಮಾಡ್ಕೊಂಡು ಹೈದ್ರಾಬಾದಿಗಿ ಹೋದಳಂತ. ಎಷ್ಟ ಹುಡುಕಿದ್ರೂ ಹೆಣ್ಣ ಸಿಗವಲ್ದು.”

ಗಂಡಸರೆಲ್ಲ ಚ್ಚುಚ್ಚು ಎಂದರು. ಇಡೀ ಸಾಲಿನ ಹೆಣ್ಣುಮಕ್ಕಳು ಎದುರಿಗೇ ಗೋಡೆಗೆ ಒರಗಿ ಕೂತಿದ್ದೇವೆ, ಇವರು ಹೆಣ್ಣು ಸಿಗಲಿಲ್ಲವೆಂದು ಗೋಳಾಡುತ್ತಾರೆ! ನನ್ನ ಮೈಯೆಲ್ಲ ಉರಿದುಹೋಯಿತು.

“ಯಾಕ ಕಾಕಾ, ನಾವೇನು ಗ್ವಾಡಿಗಿ ಹೊಡದ ಗೂಟ ಏನು?” ಎಂದೆ. “ನಾವು ಆಡ್ತೀವಿ.”

“ನೀವು ಆಡ್ತೀರಿ, ಹೌದವ್ವ. ಹೆಂಗಸರೇ ಆಡೋ ನಾಟಕ ಎಲ್ಲದ? ಯಾರು ಬರೀತಾರ?”

“ನಾ ಬರೀತೀನಿ!”

ಹೇಳಿದ್ದು ನಾನೇ. ಆದರೆ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವಳೂ ನಾನೇ. ಭೀಮಶ್ಯಾ ಮೂಲೆಯಲ್ಲಿ ಕೂತು ಛಾವಣಿಯ ಕಲ್ಲು ಎಣಿಸುವವನ ಹಾಗೆ ಮೇಲೆ ನೋಡತೊಡಗಿದ.

ಕಾಕಾ ನಗಲಿಲ್ಲ, ಅದೇ ನನಗೆ ಹೆದರಿಕೆ ತಂದಿತು. “ಆತು ಅನಸುಬಾಯಿ, ಬರಿ. ಆದ್ರ ಹೆಣ್ಮಕ್ಕಳು ಕತ್ತಲದಾಗ ಆಡೂದು ಬ್ಯಾಡ. ಹೊತ್ತು ಇಳದಾಗ ಸುರು ಮಾಡಿ, ಮುಳುಗೂದ್ರಾಗ ಮುಗಸ್ರಿ. ಇನ್ನೊಂದ ಮಾತು. ನಾಟಕ ನಡುವ ನಿಂತು ಮಂದಿ ನಕ್ಕರ, ಮುಂದ ಯಾವತ್ತೂ ಹೆಣ್ಮಕ್ಕಳು ಸ್ಟೇಜ್ ಏರೋ ಮಾತು ಎತ್ತಬಾರದು. ಕಬೂಲ್?”

ನಾನು ಹೆಂಗಸರ ಕಡೆ ನೋಡಿದೆ. ನಮ್ಮ ಓಣಿಯ ಹಿರಿಯಳು ಲಾಲಮ್ಮ ಬಾಯಲ್ಲಿದ್ದ ಎಲೆಯಡಿಕೆ ನುಂಗಿ ತಲೆಯಾಡಿಸಿದಳು. ಕಬೂಲ್ ಎಂದೆ.

ಮನೆಗೆ ಬಂದ ಮೇಲೆ ಭೀಮಶ್ಯಾ ಕೇಳಿದ, “ಕಥಿ ಏನು?”

“ಬರ್ತದ.”

“ಯಾವ ಗಾಡಿಗಿ?”

ಲಟ್ಟಣಿಗೆ ತೋರಿಸಿದೆ, ಸುಮ್ಮನಾದ.

ನಾನು ಓದಿದ್ದು ಏಳನೆಯ ಇಯತ್ತೆ. ಆದರೆ ಒಡಪು ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಎರಡೂ ಸಾಲಿನಲ್ಲಿ ಇರಲಿಲ್ಲ. ಮದುವೆಯಾಗಿ ಬಂದ ಹೆಣ್ಣನ್ನು ನಾದಿನಿಯರು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಕೇಳುತ್ತಾರಲ್ಲ, ಆಗ ಹೆಸರನ್ನು ಪ್ರಾಸ ಹಾಕಿ ಹೇಳಿದರೇ ಒಳಗೆ ಬಿಡುವುದು. ನನ್ನ ಮದುವೆಯಲ್ಲಿ ಧೈರ್ಯವಾಗಿ ಶುರು ಮಾಡಿಬಿಟ್ಟಿದ್ದೆ, “ವಾಡಿ ಟೇಸನ್‌ದಾಗ ನೀರು ಕುಡೀತದ ಗಾಡಿ.” ಮುಂದಿನ ಸಾಲು ನನಗೆ ಗೊತ್ತಿರಲಿಲ್ಲ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಬಂತು, “ಭೀಮಶ್ಯಾನ ಹೆಸರು ಹೇಳ್ತೀನಿ ಅವನ ಮೀಸಿ ನೋಡಿ.” ಆಗ ಅವನಿಗೆ ಮೀಸೆಯೇ ಸರಿಯಾಗಿ ಮೂಡಿರಲಿಲ್ಲ. ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಯಾರ ಮನೆಯ ಮದುವೆಯಾದರೂ ಒಡಪಿಗೆ ನನ್ನನ್ನೇ ಕರೆಯುವರು. ಮೊದಲ ಸಾಲು ಬಾಯಿಂದ ಹೊರಗೆ ಬಿದ್ದ ಮೇಲೆಯೇ ಎರಡನೆಯದು ಬರುತ್ತದೆ, ಮುಂಚೆ ಕರೆದರೆ ಬರುವುದಿಲ್ಲ. ನಾಟಕ ಬರೆಯುವುದಕ್ಕೆ ನನ್ನ ಹತ್ತಿರ ಇದ್ದ ವಿದ್ಯೆ ಇಷ್ಟೇ.

ಇನ್ನು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ನಾಟಕಕ್ಕಿಂತ ಮೊದಲು ಹ್ಯಾಂಡ್‌ಬಿಲ್ಲು ಹುಟ್ಟುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಸಂತೆಗಳಲ್ಲಿ ಮುಂಚೆಯೇ ಹಂಚದಿದ್ದರೆ ಮಂದಿ ಬರುವುದಿಲ್ಲ. ಹಾಗಾಗಿ ಕಮಿಟಿಯವರು ನನ್ನನ್ನೂ ಭೀಮಶ್ಯಾನನ್ನೂ ಪ್ಯಾಸೆಂಜರ್ ಗಾಡಿ ಹತ್ತಿಸಿ ಶಹಾಬಾದಿನ ಮಶಾಕನ ಪ್ರೆಸ್ಸಿಗೆ ಕಳಿಸಿದರು. ಒಂದು ಅಕ್ಷರವನ್ನೂ ಬರೆದಿರದ ನಾಟಕಕ್ಕೆ ಹ್ಯಾಂಡ್‌ಬಿಲ್ಲು! ಬೇರೆ ಸೀಮೆಯವರು ಕೇಳಿದರೆ ನಮಗೆ ಬುದ್ಧಿ ಇಲ್ಲ ಅಂತಾರೆ. ಅವರು ಹೇಳುವುದೂ ಖರೆಯೇ.

ಅಂದು ಬೆಳಿಗ್ಗೆಯೇ ನಳದ ಹತ್ತಿರ ನನ್ನ ತಲೆ ಕೆಟ್ಟಿತ್ತು. ಮೇಲಿನ ಸಾಲಿನ ಮರೆಮ್ಮ ಕಾಲಿನಿಂದ ನನ್ನ ಕೊಡ ತೋರಿಸಿ, “ಏ, ನಿನ್ನ ಕೊಡ ಅತ್ತಾಗ ಸರಸು” ಎಂದಿದ್ದಳು. ಗಾಡಿಯಲ್ಲಿ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿ. ಅಷ್ಟರಲ್ಲಿ ಮಶಾಕ ಅಚ್ಚಿನ ಮೊಳೆಗಳನ್ನು ಮುಂದಿಟ್ಟುಕೊಂಡು ಕೇಳಿದ, “ನಾಟಕದ ಹೆಸರು ಹೇಳ್ರಿ ಬಾಯಿ.”

“ಕೊಡ ಒಡೆದ ಗಂಗವ್ವ.”

ಎಲ್ಲಿಂದ ಬಂತೋ! ಭೀಮಶ್ಯಾ ನನ್ನ ಮುಖ ನೋಡಿದ. ಮಶಾಕನಿಗೆ ಮಾತ್ರ ಖುಷಿಯಾಯಿತು. “ವ್ಹಾ, ಭಾಳ ಛಲೋ ಅದ. ಅರ್ಥಾತ್?”

“ಏನು ಅರ್ಥಾತ್?”

“ಹೆಸರಿನ ಕೆಳಗ ಅರ್ಥಾತ್ ಅಂತ ಇನ್ನೊಂದ ಹೆಸರು ಬೇಕಲ್ರೀ. ಅರ್ಥಾತ್ ಇಲ್ಲದ ನಾಟಕ ನಮ್ಮ ಪ್ರೆಸ್‌ನ್ಯಾಗ ಇನ್ನೂತನ ಅಚ್ಚ ಆಗಿಲ್ಲ.”

ಗಂಗವ್ವ ಯಾರು, ಅವಳು ಒಡೆದದ್ದು ಯಾರ ಕೊಡ, ಯಾಕೆ ಒಡೆದಳು, ಒಂದೂ ನನಗೆ ಗೊತ್ತಿಲ್ಲ. “ಅರ್ಥಾತ್ ಗೆದ್ದಾಕಿ ಯಾರು?” ಎಂದುಬಿಟ್ಟೆ. ಮಶಾಕ ಅದನ್ನು ದಪ್ಪ ಅಕ್ಷರದಲ್ಲಿ ಜೋಡಿಸಿದ. ಬಣ್ಣದ ಕಾಗದದ ಮೇಲೆ ನಮ್ಮ ನಾಟಕ ಗಾಡಿ ಹತ್ತಿ, ಬಸ್ ಹತ್ತಿ ಊರೂರಿಗೆ ಹೋಯಿತು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಹೆಂಗಸರೆಲ್ಲ ತಾಲೀಮಿಗೆಂದು ಬುದ್ಧ ವಿಹಾರದ ಕಲ್ಲು ಚಪ್ಪರದಲ್ಲಿ ಕೂತರು. ನನ್ನ ಕೈಯಲ್ಲಿ ಒಂದೇ ಒಂದು ಸಾಲು ಇತ್ತು. ಮರೆಮ್ಮ ಹೇಳಿದ ಆ ಸಾಲೇ. “ಏ, ನಿನ್ನ ಕೊಡ ಅತ್ತಾಗ ಸರಸು.” ಇದನ್ನು ಒಬ್ಬ ಶ್ರೀಮಂತ ಹೆಂಗಸು ಹೇಳಬೇಕು, ಅವಳ ಹೆಸರು ಕಾಶಮ್ಮ, ಗಂಗವ್ವ ಉತ್ತರ ಕೊಡಬೇಕು. ಗಂಗವ್ವ ನಾನೇ ಆಗುವುದೆಂದು ತೀರ್ಮಾನವಾಯಿತು, ಯಾಕೆಂದರೆ ಮುಂದೆ ಏನು ಹೇಳಬೇಕೆಂದು ಬೇರೆ ಯಾರಿಗೂ ಹೇಳಿಕೊಡಲು ಬರುವಂತಿರಲಿಲ್ಲ. ಆದರೆ ಕಾಶಮ್ಮನ ಪಾತ್ರ ಯಾರಿಗೂ ಬೇಡ. ಆ ಮಾತನ್ನು ದಿನಾ ಕೇಳುವವರಿಗೆ ಆಡಲು ಬಾಯಿ ಬರುತ್ತಿರಲಿಲ್ಲ.

“ನಾ ಮಾಡ್ಲೇನ್ರಿ?”

ತಿರುಗಿ ನೋಡಿದರೆ ಮೇಲಿನ ಸಾಲಿನ ಅಮೃತಮ್ಮ ಚಪ್ಪರದ ಕಂಬ ಹಿಡಿದು ನಿಂತಿದ್ದಾಳೆ. ಮರೆಮ್ಮನ ಸೊಸೆ!

“ನಿಮ್ಮ ಅತ್ತಿ ನಿನ್ನ ಕಾಲ ಮುರೀತಾಳ” ಎಂದಳು ಲಾಲಮ್ಮ.

“ಮುರದ್ರ ಮುರೀಲಿ. ಸಣ್ಣಾಕಿ ಇದ್ದಾಗಿಂದ ನನಗ ನಾಟಕದ ಹುಚ್ಚು. ಕೆಟ್ಟಾಕಿ ಪಾರ್ಟು ಕೊಡ್ರಿ. ನಮ್ಮ ಅತ್ತಿ ಮಾತೆಲ್ಲ ನನಗ ಬಾಯಿಪಾಠ ಅದಾವ.”

ಹೇಳಿದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಲ್ಲ ಮೇಲೆತ್ತಿ, ಮರೆಮ್ಮನ ನಡಿಗೆಯಲ್ಲಿ ಎರಡು ಹೆಜ್ಜೆ ಬಂದು ಆ ಸಾಲು ಒಗೆದಳು ನೋಡಿ, ನನಗೆ ನಿಜವಾಗಿಯೂ ಅವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಲಾಲಮ್ಮ ನೆಲಕ್ಕೆ ಕೈ ಬಡಿದು ನಕ್ಕಳು. ನನ್ನ ಬಾಯಿಂದ ಗಂಗವ್ವನ ಉತ್ತರ ತಾನಾಗಿ ಬಂತು. ಅದಕ್ಕೆ ಅವಳದೊಂದು, ಅದಕ್ಕೆ ನನ್ನದೊಂದು. ಸಂಜೆಯ ಹೊತ್ತಿಗೆ ಮೊದಲ ದೃಶ್ಯ ಪೂರಾ ಆಗಿತ್ತು. ಮನೆಗೆ ಹೋಗಿ ನೆನಪಿದ್ದಷ್ಟು ಬರೆದುಕೊಂಡೆ. ರೊಟ್ಟಿ ಬಡಿಯುತ್ತ ಹಾಡಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಭೀಮಶ್ಯಾನಿಗೆ ಹಾಗೆಯೇ ಹೇಳಿದೆ, ಅವನು ಮೀಸೆ ತಿರುವಿಕೊಂಡು ಉಣ್ಣುತ್ತ ಕೂತ.

ಹೀಗೇ ನಡೆಯಿತು. ನಾಳೆ ಏನಾಗುತ್ತದೆಂದು ಇವತ್ತು ನಮಗೆ ಗೊತ್ತಿರುತ್ತಿರಲಿಲ್ಲ. ಗಂಗವ್ವನಿಗೆ ಒಬ್ಬ ಕಿವುಡಿ ಅತ್ತೆ ಬೇಕೆಂದು ಲಾಲಮ್ಮ ಹಠ ಹಿಡಿದಳು, ತಾನೇ ಅತ್ತೆಯಾದಳು, ಅವಳು ಬಾಯಿ ತೆರೆದರೆ ನಾವು ನಗು ತಡೆಯಲಾಗದೆ ತಾಲೀಮೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಗುರುಲಿಂಗಯ್ಯ ಮಾಸ್ತರರು ಸೇಡಮ್ಮಿನಿಂದ ಬಂದರು, ಹಾರ್ಮೋನಿಯಂ ಸಮೇತ. ಒಂದು ದಿನ ಕೂತು ನೋಡಿದರು. ನೋಡಿ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು.

“ಕಡೀ ಅಂಕ ಏನವ್ವ?”

“ಇನ್ನೂ ಗೊತ್ತಿಲ್ರಿ ಮಾಸ್ತರ.”

“ಅಲ್ಲಾ, ಎಲ್ಲಿಗಿ ಹೋಗೂದು ಅಂತ ಗೊತ್ತಿಲ್ಲದ ಮ್ಯಾಲ ಹಾದಿ ಹ್ಯಾಂಗ ಹಿಡೀತಿ? ಮೊದಲು ಕಡೀದು ಬರಿ. ಆಮ್ಯಾಲ ನಡುವಿಂದು. ಯಾರು ಯಾವಾಗ ಬರಬೇಕು, ಎಷ್ಟ ಮಾತಾಡಬೇಕು, ಎಲ್ಲಾ ಲೆಕ್ಕಾಚಾರ ಹಾಕು.”

ಹಿರಿಯರು, ಎಷ್ಟೋ ನಾಟಕ ಕಲಿಸಿದವರು. ಅವರ ಮಾತು ಕೇಳಿದೆ. ನಿಂತಲ್ಲಿ ಕೂತಲ್ಲಿ ಲೆಕ್ಕಾಚಾರ ಹಾಕಿದೆ. ಕೊನೆಯಲ್ಲಿ ಕಾಶಮ್ಮನಿಗೆ ಬುದ್ಧಿ ಬರಬೇಕು, ಕೈ ಮುಗಿಯಬೇಕು; ಗಂಗವ್ವ ಉಪದೇಶ ಮಾಡಬೇಕು. ಅದಕ್ಕೆ ಸರಿಯಾಗಿ ಮೊದಲಿನದನ್ನೆಲ್ಲ ಕತ್ತರಿಸಿದೆ, ಕಿವುಡಿ ಅತ್ತೆಯನ್ನೂ ತೆಗೆದುಹಾಕಿದೆ. ತಾಲೀಮಿನಲ್ಲಿ ಹೆಂಗಸರು ಆಕಳಿಸತೊಡಗಿದರು. ಅಮೃತಮ್ಮನಂಥವಳ ಬಾಯಲ್ಲೂ ಮಾತು ಹಳಸಿದ ಅನ್ನವಾಯಿತು.

“ಸಿಟ್ಟಾಗಬ್ಯಾಡ ಅನಸೂ” ಎಂದಳು ಅವಳು ಕೊನೆಗೆ. “ಇದು ನಾಟಕ ಆಗವಲ್ದು, ರೈಲ್ವೆ ಟೈಮ್ ಟೇಬಲ್ ಆಗೇದ. ಕಾಶಮ್ಮ ಹಿಂಗ ಸುಮ್‌ಸುಮ್ನ ಕೈ ಮುಗಿಯಾಕಿ ಅಲ್ಲ. ನಮ್ಮ ಮನ್ಯಾಗ ಒಬ್ಬಾಕಿನ ದಿನಾ ನೋಡ್ತೀನಿ ನಾ.”

ಸಿಟ್ಟಾಗಬೇಡ ಎಂದರೂ ಸಿಟ್ಟು ಬಂತು. ಮನೆಗೆ ಹೋಗಿ ಪಾತ್ರೆ ಕುಕ್ಕಿದೆ, ಅತ್ತುಬಿಟ್ಟೆ. ಆಮೇಲೆ ಅವಳು ಹೇಳಿದ್ದೇ ಸರಿ ಅನ್ನಿಸಿತು. ಮುಂದಿನ ಸಾಲನ್ನು ಮುಂಚೆಯೇ ಕರೆಯಲು ಹೋಗಿ ಕೈಯಲ್ಲಿದ್ದ ಸಾಲನ್ನೂ ಕಳೆದುಕೊಂಡಿದ್ದೆ. ಮಾರನೆಯ ದಿನ ಮಾಸ್ತರರ ಮುಂದೆ ನಿಂತು ಹೇಳಿದೆ, “ತಪ್ಪು ತಿಳ್ಕೋಬ್ಯಾಡ್ರಿ. ಕಡೀದು ನನಗ ಗೊತ್ತಿಲ್ಲ. ಅಲ್ಲಿತನ ಹೋದ ಮ್ಯಾಲೇ ಗೊತ್ತಾಗ್ತದ.”

“ಹಂಗಾದ್ರ ಪೇಟಿ ನಾ ನುಡಸಂಗಿಲ್ಲ” ಎಂದು ಮಾಸ್ತರರು ಪೆಟ್ಟಿಗೆ ಹೆಗಲಿಗೇರಿಸಿದರು. “ಕಡೀ ಇಲ್ಲದ ನಾಟಕದಾಗ ನನ್ನ ಮರ್ಯಾದಿ ಯಾಕ ಕಳ್ಕೊಳ್ಲಿ?”

ಅವರು ಹೋದದ್ದು ನೋಡಿ ಭಗವಂತ ಕಾಕಾ ಬಂದ. “ನೋಡವ್ವ, ಇನ್ನೂ ಹೊತ್ತು ಮೀರಿಲ್ಲ. ಆಗಂಗಿಲ್ಲ ಅಂತ ಹೇಳಿಬಿಡು, ಯಾರೂ ಏನೂ ಅನ್ನಂಗಿಲ್ಲ.” ಅವನ ದನಿಯಲ್ಲಿ ಕೆಡುಕು ಇರಲಿಲ್ಲ. ಆದರೆ ನಾನು ಸೋತರೆ ನಾನೊಬ್ಬಳೇ ಸೋಲುವುದಲ್ಲ. ಲಾಲಮ್ಮನಿಂದ ಹಿಡಿದು ಇನ್ನೂ ತೊಟ್ಟಿಲಲ್ಲಿದ್ದ ಹುಡುಗಿಯರ ತನಕ ಎಲ್ಲರೂ ಮತ್ತೆ ಗೋಡೆಗೆ ಒರಗಿ ಕೂರಬೇಕು.

“ಆಡ್ತೀವಿ ಕಾಕಾ” ಎಂದೆ.

ಕಿವುಡಿ ಅತ್ತೆ ವಾಪಸು ಬಂದಳು, ನಗುವೂ ಬಂತು. ಕೊನೆ ಮಾತ್ರ ಬರಲಿಲ್ಲ. ಗಂಗವ್ವ ಕೊಡ ಒಡೆಯುತ್ತಾಳೆ, ಸರಿ, ಯಾರದು? ಲಾಲಮ್ಮನ ಪ್ರಕಾರ ಕಾಶಮ್ಮನದು: “ಆಕಿ ಹಿತ್ತಾಳಿ ಕೊಡಕ್ಕ ಕಲ್ಲ ಹೊಡಿ, ನನ್ನ ಜೀವ ತಣ್ಣಗಾಗ್ಲಿ.” ಹಿತ್ತಾಳೆ ಒಡೆಯುವುದಿಲ್ಲವಲ್ಲ ಎಂದು ಮತ್ತೊಬ್ಬಳು. ಗಂಗವ್ವ ತನ್ನದನ್ನೇ ಒಡೆದುಕೊಂಡರೆ ಅದು ಸೋಲಲ್ಲವೇ ಎಂದು ಇನ್ನೊಬ್ಬಳು. ಈ ಜಗಳ ಬಗೆಹರಿಯಲಿಲ್ಲ. ಜಯಂತಿಯ ದಿನ ಬಂದೇಬಿಟ್ಟಿತು.

ಮಧ್ಯಾಹ್ನದ ಗಾಡಿಗಳಿಗೆ ಮಂದಿ ಬಂದರು ನೋಡಿ! ಶಹಾಬಾದಿನ ಕಲ್ಲು ಗಣಿಯವರು, ಚಿತ್ತಾಪುರದವರು, ಸೇಡಮ್ಮಿನವರು, ಚಿಂಚೋಳಿಯಿಂದ ಬಸ್ಸು ಬದಲಿಸಿ ಬಂದವರು. ಹೆಂಗಸರ ನಾಟಕವಂತೆ, ಅರ್ಥಾತ್ ಗೆದ್ದಾಕಿ ಯಾರು ಅಂತೆ. ಮೇಲಿನ ಸಾಲಿನವರೂ ಬಂದು ಒಂದು ಬದಿಗೆ ಬೇರೆಯಾಗಿ ಕೂತರು. ಮುಂದೆಯೇ ಗೋಣಿತಟ್ಟು ಹಾಸಿಕೊಂಡು ಮರೆಮ್ಮ. ಸೊಸೆ ನಾಟಕ ನೋಡಲು ಹೋಗಿದ್ದಾಳೆಂದು ಅವಳು ತಿಳಿದಿದ್ದಳು. ಅಮೃತಮ್ಮ ಪರದೆಯ ಸಂದಿಯಿಂದ ಅವಳನ್ನು ನೋಡಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು.

“ಹೋಗ್ತೀಯೇನು ಮನಿಗಿ?” ಎಂದೆ.

“ಹೋದ್ರೂ ಬೈತಾಳ, ಇದ್ರೂ ಬೈತಾಳ. ಇದ್ದೇ ಬೈಸ್ಕೋತೀನಿ.”

ಬಿಸಿಲು ಇನ್ನೂ ಚುರುಗುಟ್ಟುತ್ತಿದ್ದಾಗ ಪರದೆ ಸರಿಯಿತು. ರಾತ್ರಿಯ ನಾಟಕಕ್ಕೆ ದೀಪ ಇರುತ್ತದೆ, ಬಣ್ಣ ಹೊಳೆಯುತ್ತದೆ, ಹರಿದದ್ದು ಕಾಣುವುದಿಲ್ಲ. ಹಗಲಲ್ಲಿ ಎಲ್ಲ ಕಾಣುತ್ತದೆ. ಮೊದಲ ದೃಶ್ಯದಲ್ಲೇ ಹಿಂದಿನಿಂದ ಯಾರೋ ಕೂಗಿದ, “ಏ, ಕೊಡ ಖಾಲಿ ಅದಾವಲ್ಲೇ! ಗಾಳಿ ಹೊತ್ಕೊಂಡು ಹೊಂಟಾಳ!” ಮಂದಿ ಗೊಳ್ಳೆಂದರು. ದೃಶ್ಯ ಮುಗಿದ ಕೂಡಲೇ ಭೀಮಶ್ಯಾ ಪರದೆಯ ಹಿಂದೆ ಓಡಿಬಂದು ಅಮೃತಮ್ಮನ ಹಿತ್ತಾಳೆ ಕೊಡಕ್ಕೆ ಕಂಠದ ತನಕ ನೀರು ಸುರಿದು, ಮಂದಿಗೆ ಕಾಣದ ಹಾಗೆ ಪರದೆಯ ಮರೆಯಲ್ಲೇ ರಂಗದ ನಡುವೆ ಇಟ್ಟ. “ಈಗ ಅನ್ನಲಿ ನೋಡೂಣು” ಎಂದ.

ಆಮೇಲೆ ನಾಟಕ ಹಿಡಿಯಿತು. ಕಿವುಡಿ ಅತ್ತೆಗೆ ಮಂದಿ ಹೊಟ್ಟೆ ಹಿಡಿದುಕೊಂಡರು. ಅಮೃತಮ್ಮ ಬಾಯಿ ಬಿಟ್ಟಳೆಂದರೆ ಎರಡೂ ಸಾಲಿನ ಕಣ್ಣುಗಳು ಮರೆಮ್ಮನ ಕಡೆಗೆ ತಿರುಗುತ್ತಿದ್ದವು. ಅದೇ ಗಲ್ಲ, ಅದೇ ನಡಿಗೆ, ಅದೇ ಮಾತು. ಮರೆಮ್ಮನ ಮುಖ ಮೆಣಸಿನಕಾಯಿ ಕೆಂಪು. ಒಮ್ಮೆ ಎದ್ದು ನಿಂತಳು, ಎದ್ದು ಹೋಗುತ್ತಾಳೆ ಅಂದುಕೊಂಡೆ. ಸೊಸೆ ಇನ್ನೂ ಏನೇನು ಹೇಳುತ್ತಾಳೋ ಪೂರಾ ಕೇಳಿಯೇ ಬೈಯಬೇಕೆಂದೋ ಏನೋ, ಮತ್ತೆ ಕೂತಳು.

ಸೂರ್ಯ ಸಿಮೆಂಟ್ ಫ್ಯಾಕ್ಟರಿಯ ಚಿಮಣಿಗಳ ಹಿಂದೆ ಇಳಿಯತೊಡಗಿತ್ತು. ಕೊನೆಯ ದೃಶ್ಯ, ಮತ್ತೆ ನಳ. ಬೇರೆ ಹೆಂಗಸರೆಲ್ಲ ನೀರು ತುಂಬಿಕೊಂಡು ಒಳಗೆ ಹೋದರು. ರಂಗದ ಮೇಲೆ ನಾವಿಬ್ಬರೇ. ಅವಳ ಕೊಡ ತುಂಬಿದೆ, ನನ್ನ ಮಣ್ಣಿನ ಕೊಡ ಖಾಲಿ. ಬರೆದ ಮಾತು ಅಲ್ಲಿಗೆ ಮುಗಿದಿತ್ತು. ನಾನು ಅವಳ ಮುಖ ನೋಡಿದೆ, ಅವಳು ನನ್ನದು.

ಅಮೃತಮ್ಮನೇ ಮುಂದಾದಳು. ಪಾತ್ರದ ಅಮಲೋ, ಭಯವೋ, ಅತ್ತೆಯ ಬಾಯಿಂದ ಎಂದೋ ಕೇಳಿದ ಮಾತೊಂದನ್ನು ಹಾಗೆಯೇ ಎತ್ತಿ ಎಸೆದಳು, “ನಿನ್ನ ನೆರಳು ಬಿದ್ದ ನೀರು ನಮ್ಮ ದನಾನೂ ಕುಡಿಯಂಗಿಲ್ಲ.”

ತಾಲೀಮಿನಲ್ಲಿ ಈ ಮಾತು ಇರಲಿಲ್ಲ. ನನ್ನ ಹೊಟ್ಟೆಯೊಳಗಿಂದ ಬೆಂಕಿ ಎದ್ದಿತು, ಗಂಗವ್ವನದಲ್ಲ, ನನ್ನದು. ನನ್ನ ತಾಯಿಯದು, ಅವಳ ತಾಯಿಯದು. ಕೈಯಲ್ಲಿದ್ದ ಮಣ್ಣಿನ ಕೊಡವನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಚೂರುಗಳು ಮುಂದೆ ಕೂತವರ ಕಾಲ ತನಕ ಹಾರಿದವು.

“ಆತು” ಎಂದೆ. “ಇನ್ನ ನನಗ ಕೊಡಾನೂ ಇಲ್ಲ, ಪಾಳಿನೂ ಇಲ್ಲ. ಯಾರ ಮುಂದೂ ಸರಿಯೋದೂ ಇಲ್ಲ. ನೀ ಹೋಗು.”

ಹೋಗಬೇಕು ಅವಳು. ಬೇರೆ ದಾರಿ ಅವಳಿಗೂ ತೋಚಲಿಲ್ಲ. ಗಲ್ಲ ಮೇಲೆತ್ತಿ, ಬಗ್ಗಿ ತನ್ನ ಹಿತ್ತಾಳೆ ಕೊಡಕ್ಕೆ ಕೈ ಹಾಕಿದಳು. ಏಳಲಿಲ್ಲ. ತಾಲೀಮಿನಲ್ಲಿ ಖಾಲಿ ಕೊಡ, ಒಂದೇ ಕೈಯಲ್ಲಿ ಎತ್ತಿ ತಲೆಗಿಡುತ್ತಿದ್ದಳು. ಈಗ ಕಂಠದ ತನಕ ನೀರು. ಆ ದೊಡ್ಡ ಕೊಡವನ್ನು ಒಬ್ಬಳೇ ತಲೆಗೇರಿಸಿಕೊಳ್ಳಲು ಯಾವ ಹೆಂಗಸಿನಿಂದಲೂ ಆಗುವುದಿಲ್ಲ. ಎದುರಿಗೆ ನಿಂತು ಇನ್ನೊಬ್ಬಳು ಹೊರಿಸಬೇಕು. ಮೊಣಕಾಲ ತನಕ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. ಹಿಂದೆ ಯಾರೋ ಕಿಸಕ್ಕೆಂದರು. ನಗು ಹಬ್ಬತೊಡಗಿತು. ಅಮೃತಮ್ಮನ ಹಣೆಯ ಬೆವರಿನಲ್ಲಿ ಬಣ್ಣ ಇಳಿಯುತ್ತಿತ್ತು. ಅವಳು ನನ್ನ ಕಡೆ ನೋಡಿದಳು. ಆ ಕಣ್ಣುಗಳು ಕಾಶಮ್ಮನವಾಗಿರಲಿಲ್ಲ.

ಸುಮ್ಮನೆ ನಿಂತರೆ ಸಾಕಿತ್ತು. ನಮ್ಮ ಸಾಲಿನವರು ಆಗಲೇ ಸೀಟಿ ಹೊಡೆಯಲು ಬೆರಳು ಬಾಯಿಗಿಟ್ಟಿದ್ದರು. ಸೊಕ್ಕಿನವಳು ಬಿದ್ದಳು, ಗಂಗವ್ವ ಗೆದ್ದಳು, ಪರದೆ ಎಳೆಯಿರಿ, ಮುಗಿಯಿತು. ನನ್ನ ಸಿಟ್ಟೂ ಅದನ್ನೇ ಹೇಳುತ್ತಿತ್ತು. ಆದರೆ ಹೊತ್ತುಗೊತ್ತು ನೋಡದೆ ನನ್ನ ಬಾಯಿಗೆ ಬರುವ ಮಾತು ಇರುತ್ತದಲ್ಲ, ಅದು ಬಂತು. ಖಾಲಿ ಕೈಗಳನ್ನು ಮುಂದೆ ಚಾಚಿದೆ.

“ಹೊರಸ್ಲೇನು?”

ನಗು ಸತ್ತುಹೋಯಿತು. ಕೆಳಗಿನ ಸಾಲಿನವಳು ಮೇಲಿನ ಸಾಲಿನ ತುಂಬಿದ ಕೊಡಕ್ಕೆ ಕೈ ಹಚ್ಚುವುದು, ಅದೂ ಊರೂರಿನ ಮಂದಿಯ ಮುಂದೆ, ಅದೂ ಹಗಲು ಬೆಳಕಿನಲ್ಲಿ. ನಾಟಕ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆ ಕೊಡ ಮರೆಮ್ಮನ ಮನೆಯ ಕೊಡ, ಬೆಳಿಗ್ಗೆ ಅದರಲ್ಲೇ ಅವಳು ನೀರು ತುಂಬಿದ್ದಳು. ಅಮೃತಮ್ಮ ಒಂದು ಸಲ ಗೋಣಿತಟ್ಟಿನ ಕಡೆ ನೋಡಿ ನನ್ನತ್ತ ತಿರುಗಿದಳು. ಬೇಡ ಎಂದರೆ ನಾಟಕ ಅಲ್ಲೇ ಸತ್ತಂತೆ. ಹೂಂ ಎಂದರೆ ಅವಳಿಗೆ ಮನೆಯಲ್ಲಿ ಏನು ಕಾದಿದೆಯೋ.

“ಹೊರಸವ್ವ” ಎಂದಳು. ಕಟ್ಟಕಡೆಯವನಿಗೂ ಕೇಳಿಸಿತು. “ನೀ ಕೈ ಹಚ್ಚಲಿಲ್ಲಂದ್ರ ಈ ನೀರು ನಮ್ಮ ಮನೀತನ ಹೋಗಂಗಿಲ್ಲ.”

ನಾನು ಕೊಡಕ್ಕೆ ಕೈ ಹಚ್ಚಿದೆ. ಇಬ್ಬರೂ ಕೂಡಿ ಎತ್ತಿದೆವು. ನೀರು ತುಳುಕಿ ಅವಳ ಮುಖದ ಮೇಲೆ, ನನ್ನ ಎದೆಯ ಮೇಲೆ ಬಿತ್ತು. ಕೊಡ ತಲೆಯ ಮೇಲೆ ನೆಟ್ಟಗೆ ಕೂತಾಗ ಮಂದಿ ಎದ್ದರು. ಅಬ್ಬಬ್ಬಾ, ಏನು ಕೂಗು, ಏನು ಸೀಟಿ! ಭಗವಂತ ಕಾಕಾ ಟೋಪಿಯನ್ನು ಗಾಳಿಗೆ ತೂರಿದ. ಮಂದಿಯ ನಡುವೆ ಕದ್ದು ಕೂತಿದ್ದ ಗುರುಲಿಂಗಯ್ಯ ಮಾಸ್ತರರು ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುವುದನ್ನು ಕಣ್ಣಾರೆ ಕಂಡೆ.

ಅಮೃತಮ್ಮ ಪರದೆಯ ಹಿಂದೆ ಹೋಗಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಿರಲಿಲ್ಲ. ಕೊಡ ಹೊತ್ತು ರಂಗದ ಮೆಟ್ಟಿಲಿಳಿದು ಮಂದಿಯ ನಡುವೆ ನಡೆದಳು. ಅಲ್ಲಿ ಯಾರೋ ಕೊಡ ಇಳಿಸಿ ಅವಳ ಸೊಂಟಕ್ಕಿಟ್ಟರು. ಏಪ್ರಿಲ್ ತಿಂಗಳ ಬಿಸಿಲಲ್ಲಿ ಮಧ್ಯಾಹ್ನದಿಂದ ಕೂತ ಜನ, ಎಲ್ಲರ ಗಂಟಲೂ ಒಣಗಿತ್ತು. ಒಬ್ಬ ಬೊಗಸೆ ಒಡ್ಡಿದ, ಹಾಕಿದಳು. ಇನ್ನೊಬ್ಬಳು ಒಡ್ಡಿದಳು. ನಮ್ಮ ಸಾಲಿನವರು, ಗಣಿಯವರು, ಮೇಲಿನ ಸಾಲಿನ ಒಬ್ಬಿಬ್ಬರು ಕೂಡ. ಹಾಗೇ ಹಾಕುತ್ತ ಹಾಕುತ್ತ ಗೋಣಿತಟ್ಟಿನ ಹತ್ತಿರ ಬಂದು ನಿಂತಳು.

ಮರೆಮ್ಮ ಸೊಸೆಯನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. ರಂಗದ ಮೇಲೆ ನಾನು ಒದ್ದೆ ಸೀರೆಯಲ್ಲಿ ನಿಂತು, ಹೊಡೆದರೆ ಹಾರಿ ನಡುವೆ ಬೀಳಬೇಕೆಂದು ಒಂದು ಕಾಲು ಮುಂದಿಟ್ಟಿದ್ದೆ.

“ನನ್ನಂಗ ಮಾತಾಡ್ಲಿಕ್ಕ ನಿನಗ ಬರಂಗಿಲ್ಲ” ಎಂದಳು ಮರೆಮ್ಮ. “ನಾ ಇನ್ನೂ ಜೋರು ಮಾತಾಡ್ತೀನಿ.”

ಅಮೃತಮ್ಮ ಹಿಂದೆ ಸರಿಯಲಿಲ್ಲ. ಕೊಡವನ್ನೂ ಸರಿಸಲಿಲ್ಲ.

ಮರೆಮ್ಮ ರಂಗದ ಕಡೆ ತಿರುಗಿ ನನ್ನನ್ನು ನೋಡಿದಳು. ನನ್ನ ಕೈಗಳನ್ನು ನೋಡಿದಳು. ಆಮೇಲೆ ಸೆರಗು ಹಿಂದಕ್ಕೆ ಸರಿಸಿ, ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಸೊಸೆಯ ಮುಂದೆ ಹಿಡಿದಳು.

“ಏನ ನೋಡಾಕತ್ತಿ? ಗಂಟಲ ಒಣಗೇದ. ಹಾಕು.”